ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರ ಕೆಲಸ

ರೋಬೋ ಬಂದು ಕಾರ್ಮಿಕರ ಅನ್ನ ಕಸಿಯುತ್ತದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕಾರ್ಖಾನೆಗಳ ಮಟ್ಟಿಗೆ ಈ ಮಾತು ನಿಜವಾದ ಕಳ್ಳನನ್ನು ಬಿಟ್ಟು ಬೇರೆಯವನತ್ತ ಬೊಟ್ಟು ಮಾಡುತ್ತಿದೆ.

ಡೊಂಬಿವಲಿಯ ಪ್ರೀಮಿಯರ್ ಆಟೋಮೊಬೈಲ್ಸ್ ಕಾರು ಕಾರ್ಖಾನೆ ನಿಂತದ್ದು ರೋಬೋಗಳಿಂದಲ್ಲ. ಕಲ್ಯಾಣದ ಪಕ್ಕದ ಮೋಹನೆಯಲ್ಲಿ ರೇಯಾನ್ ತಯಾರಿಸುತ್ತಿದ್ದ ಎನ್‌ಆರ್‌ಸಿ 2009ರಲ್ಲಿ ಬಾಗಿಲು ಹಾಕಿತು. ಬಾಕಿ ಹಣಕ್ಕಾಗಿ ಕಾರ್ಮಿಕರು ಆಮೇಲೆ ವರ್ಷಗಟ್ಟಲೆ ಅಲೆದರು. ಅಲ್ಲೂ ಯಂತ್ರದ ಕೈವಾಡವಿರಲಿಲ್ಲ. ಹಾಗೆ ಕಾಯಂ ನೌಕರಿಗಳು ಕರಗಿದ ಮೇಲೆ ಈ ಪಟ್ಟಿಯಲ್ಲಿ ಬೆಳೆದದ್ದು ಗುತ್ತಿಗೆ ದುಡಿಮೆ. ಬೆವರು ಕಾರ್ಖಾನೆಯಲ್ಲಿ, ಹೆಸರು ಗುತ್ತಿಗೆದಾರನ ಪುಸ್ತಕದಲ್ಲಿ.

ಯಂತ್ರ ಬಂದಾಗ ಏನಾಗಬೇಕು ಎಂಬುದಕ್ಕೆ ನಮ್ಮಲ್ಲಿ ಕಾನೂನು ಇಲ್ಲದೇ ಇಲ್ಲ. ಜನರನ್ನು ಮನೆಗೆ ಕಳಿಸಬಹುದಾದಂಥ ಹೊಸ ಯಂತ್ರ, ಹೊಸ ವಿಧಾನ ತರುವ ಮೊದಲು ಬಾಧಿತ ಕಾರ್ಮಿಕರಿಗೆ 21 ದಿನಗಳ ನೋಟಿಸ್ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯೇ ಹೇಳಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಕೆಲಸ ಕಳೆದುಕೊಂಡವರಿಗೆ ಹೊಸ ಕಸುಬು ಕಲಿಯಲು ಹದಿನೈದು ದಿನಗಳ ಸಂಬಳವನ್ನೂ ಅದು ಸೇರಿಸಿದೆ. ಹದಿನೈದು ದಿನದಲ್ಲಿ ಯಾವ ಕಸುಬು ಕೈಗೆ ಹತ್ತೀತು ಎಂಬ ಪ್ರಶ್ನೆ ಬದಿಗಿರಲಿ. ಗುತ್ತಿಗೆಯವರ ಪಾಲಿಗೆ ಈ ಅಲ್ಪವೂ ಬಹುತೇಕ ಕಾಗದದ ಮಾತು. ಅವರ ಮಾಲೀಕ ಗುತ್ತಿಗೆದಾರ. ಯಂತ್ರ ತಂದವನು ಕಾರ್ಖಾನೆಯವನು. ಗುತ್ತಿಗೆ ಮುಗಿಯಿತು ಎಂದರೆ ಕಥೆಯೂ ಮುಗಿಯಿತು. ಲೆಕ್ಕದ ಪ್ರಕಾರ ಯಾರ ಕೆಲಸವೂ ಹೋಗಿಲ್ಲ!

ಇನ್ನೊಂದು ವಿಪರ್ಯಾಸ ನೋಡಿ. ಡೊಂಬಿವಲಿಯ ಎಂಐಡಿಸಿಯಲ್ಲಿ 2016ರ ಮೇ 26ರಂದು ರಾಸಾಯನಿಕ ಕಾರ್ಖಾನೆಯೊಂದು ಸ್ಫೋಟಿಸಿತು. 2024ರ ಮೇ 23ರಂದು ಇನ್ನೊಂದು. ಎರಡರಲ್ಲೂ ಹತ್ತಕ್ಕಿಂತ ಹೆಚ್ಚು ಮಂದಿ ಸತ್ತರು. ಮನುಷ್ಯರನ್ನು ದೂರವಿಟ್ಟು ಯಂತ್ರವನ್ನು ನಿಲ್ಲಿಸಬೇಕಾದ ಜಾಗ ಯಾವುದಾದರೂ ಇದ್ದರೆ ಅದು ಇಂಥದ್ದೇ. ಆದರೆ ರೋಬೋ ಬರುವುದು ಪ್ರಾಣ ಉಳಿಯುವ ಕಡೆಗಲ್ಲ, ದುಡ್ಡು ಉಳಿಯುವ ಕಡೆಗೆ. 2023ರಲ್ಲಿ ಚೀನಾದ ಕಾರ್ಖಾನೆಗಳು ಹೊಸದಾಗಿ ಸುಮಾರು 2.76 ಲಕ್ಷ ರೋಬೋಗಳನ್ನು ಅಳವಡಿಸಿದವು. ಇಡೀ ಭಾರತದಲ್ಲಿ ಸುಮಾರು 8,500. ಇದಕ್ಕೆ ಹಲವು ಕಾರಣಗಳಿರಬಹುದು. ಕೂಲಿ ಅಗ್ಗ, ಪ್ರಾಣ ಇನ್ನೂ ಅಗ್ಗ ಎಂಬುದು ಅದರಲ್ಲೊಂದು.

ಯಂತ್ರ ಬೇಡವೆಂದರೆ ಆರ್ಡರು ಬೇರೆ ಊರಿಗೆ ಹೋಗುತ್ತದೆ ಎಂದು ಮಾಲೀಕರು ಹೇಳುತ್ತಾರೆ. ಒಪ್ಪೋಣ. ಯಂತ್ರ ಬರಲಿ, ಮೊದಲು ರಿಯಾಕ್ಟರಿನ ಪಕ್ಕಕ್ಕೇ ಬರಲಿ. ಆದರೆ ಅದರ ಜೊತೆಗೆ ಒಂದು ನಿಯಮವೂ ಬರಲಿ: ಗೇಟಿನೊಳಗೆ ಯಾರು ದುಡಿಯುತ್ತಾರೋ ಅವರೆಲ್ಲರ ಹೆಸರು, ಗುತ್ತಿಗೆಯವರದ್ದೂ ಸೇರಿ, ಕಾರ್ಖಾನೆಯ ನೋಟಿಸಿನಲ್ಲಿರಬೇಕು, ಪರಿಹಾರ ಯಂತ್ರ ತಂದವನ ಜೇಬಿನಿಂದಲೇ ಬರಬೇಕು. ಕಾರ್ಮಿಕ ಸಂಘಗಳು ತಮ್ಮ ಸದಸ್ಯತ್ವವನ್ನು ಕಾಯಂ ನೌಕರರಿಗೆ ಮೀಸಲಿಟ್ಟು ಕೂತರೆ ಇದು ಆಗುವುದಿಲ್ಲ. ನಾಳೆ ಅವರ ಪಕ್ಕದಲ್ಲಿ ನಿಲ್ಲಲು ಯಾರೂ ಉಳಿದಿರುವುದಿಲ್ಲ.

ಕಲಬುರಗಿ, ವಿಜಯಪುರದ ಕಡೆಯಿಂದ ದುಡಿಯಲು ಇಲ್ಲಿಗೆ ಬರುವ ನಮ್ಮವರಿಗೆ ರೋಬೋ ಬಗ್ಗೆ ಭಾಷಣ ಬೇಡ. ಹಾಜರಿ ಪುಸ್ತಕದಲ್ಲಿ ಒಂದು ಸಾಲು ಬೇಕು.