ಪಂಪು ನೀರನ್ನು ಹೊರಹಾಕುತ್ತದೆ, ತೂತನ್ನಲ್ಲ



ಕಳೆದ ವಾರ ಅಮೆರಿಕದ ಮಿನ್ನೆಸೋಟಾದಲ್ಲಿರುವ ನನ್ನ ತಮ್ಮನ ಮಗ ದೂರವಾಣಿಯಲ್ಲಿ ಮಾತನಾಡುತ್ತ ಒಂದು ಸುದ್ದಿ ಹೇಳಿದ. "ದೊಡ್ಡಪ್ಪ, ನಿಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಇಲ್ಲಿ ಸೆಕೆಂಡ್‌ಹ್ಯಾಂಡ್ ದೋಣಿ ಕೊಂಡಿದ್ದಾರೆ. ದಿನಕ್ಕೆ ಎರಡು ಬಕೆಟ್ ನೀರು ಒಳಗೆ ಬರುತ್ತದಂತೆ. ಅದಕ್ಕೇ ಇನ್ನೂ ದೊಡ್ಡದೊಂದು ಪಂಪು ಹಾಕಿಸಿದ್ದಾರೆ. ಈಗ ನಿಶ್ಚಿಂತೆಯಂತೆ."

ನಿಶ್ಚಿಂತೆ! ಆ ಒಂದು ಶಬ್ದ ಕೇಳಿದ ಮೇಲೆ ನನಗೆ ರಾತ್ರಿ ನಿದ್ರೆ ಸರಿಯಾಗಿ ಬರಲಿಲ್ಲ. ಆ ವಿದ್ಯಾರ್ಥಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದುವಾಗ ಅವನಿಗೇ ತಿಳಿಯುತ್ತದೆ. ಅವನಿಗೆ ಇಬ್ಬರು ಚಿಕ್ಕ ಮಕ್ಕಳಿದ್ದಾರೆ, ಆಗಸ್ಟ್ ತಿಂಗಳಲ್ಲಿ ಅವರನ್ನು ಸರೋವರದ ನಡುವೆ ಕರೆದೊಯ್ಯುವ ಆಲೋಚನೆಯೂ ಇದೆ ಎಂದು ಕೇಳಿದ್ದೇನೆ. ಆದ್ದರಿಂದ ಈ ಬರಹ ಮುಖ್ಯವಾಗಿ ಅವನಿಗೆ. ಉಳಿದವರು ಪಕ್ಕದ ಬೆಂಚಿನಲ್ಲಿ ಕುಳಿತು ಕೇಳಿಸಿಕೊಳ್ಳಬಹುದು.

"ಮೇಷ್ಟ್ರಿಗೆ ದೋಣಿಯ ಉಸಾಬರಿ ಏಕೆ?" ಎಂದು ಕೆಲವರಾದರೂ ನಗುತ್ತೀರಿ. 2023ರ ಬೇಸಿಗೆಯಲ್ಲಿ ಮೂರು ತಿಂಗಳು ತಮ್ಮನ ಮಗನ ಮನೆಯಲ್ಲಿದ್ದಾಗ ನಾನೂ ಅವನೂ ಸೇರಿ ಇಂತಹದೇ ಒಂದು ದೋಣಿಯ ಹೊಟ್ಟೆಯೊಳಗೆ ಹದಿನೈದು ದಿನ ಕಳೆದಿದ್ದೇವೆ. 1989ರಲ್ಲಿ ತಯಾರಾದ, ಹದಿನೆಂಟು ಅಡಿಯ, ಫೈಬರ್‌ಗ್ಲಾಸ್ ದೋಣಿ. ಮಂಡಿ ನೋವು ಇನ್ನೂ ಪೂರ್ತಿ ಹೋಗಿಲ್ಲ. ಮಾತನಾಡುವ ಅಧಿಕಾರ ಅಷ್ಟರ ಮಟ್ಟಿಗೆ ನನಗಿದೆ ಎಂದುಕೊಂಡಿದ್ದೇನೆ.

ಅಲ್ಲಿ ಸರೋವರದ ಕಟ್ಟೆಯ ಮೇಲೆ ಯಾರನ್ನು ಕೇಳಿದರೂ ಒಂದೇ ಮಾತು: ಹಳೆಯ ದೋಣಿ ಎಂದ ಮೇಲೆ ಸ್ವಲ್ಪ ನೀರು ಕುಡಿದೇ ಕುಡಿಯುತ್ತದೆ, ಅದಕ್ಕೇ ಪಂಪು ಇರುವುದು. ನನ್ನ ವಿರೋಧ ಇರುವುದು ಈ ಮಾತಿಗೆ. ಮರದ ದೋಣಿಯ ಕಾಲದಲ್ಲಿ ಇದು ಸತ್ಯವಾಗಿತ್ತು. ನಮ್ಮ ಗಂಗೊಳ್ಳಿ, ಕುಂದಾಪುರದ ಕಡೆ ಮಳೆಗಾಲವೆಲ್ಲ ದಡದ ಮೇಲೆ ಮಲಗಿದ ಮರದ ದೋಣಿಯನ್ನು ಮತ್ತೆ ನೀರಿಗೆ ಇಳಿಸುವ ಮೊದಲು ಹಲಗೆಗಳ ಸಂದಿಗೆ ಹತ್ತಿಯ ಎಳೆ ತುರುಕಿ ಎಣ್ಣೆ ಹಚ್ಚುತ್ತಿದ್ದುದನ್ನು ಹುಡುಗನಾಗಿದ್ದಾಗ ನೋಡಿದ್ದೇನೆ. ಇಳಿಸಿದ ಮೇಲೂ ಒಂದೆರಡು ದಿನ ನೀರು ಜಿನುಗುತ್ತಿತ್ತು. ಒಣಗಿದ ಮರ ನೀರು ಹೀರಿ ಉಬ್ಬಿ ಹಲಗೆಗೆ ಹಲಗೆ ಬಿಗಿದಾಗ ಅದು ತಾನಾಗಿ ನಿಲ್ಲುತ್ತಿತ್ತು. ಫೈಬರ್‌ಗ್ಲಾಸಿನ ದೋಣಿಗೆ ಹಲಗೆಯೂ ಇಲ್ಲ, ಸಂದಿಯೂ ಇಲ್ಲ, ಅದು ಉಬ್ಬುವುದೂ ಇಲ್ಲ. ಬಕೆಟ್ಟಿನಂತೆ ಒಂದೇ ಎರಕ. ಅದರೊಳಗೆ ನೀರು ಬಂದಿತೆಂದರೆ ಯಾವುದೋ ಒಂದು ನಿರ್ದಿಷ್ಟ ಜಾಗದಿಂದ ಬಂದಿದೆ. ಆ ಜಾಗಕ್ಕೆ ಒಂದು ವಿಳಾಸವಿದೆ. ವಯಸ್ಸಿನ ಮೇಲೆ ತಪ್ಪು ಹೊರಿಸುವುದು ವಿಳಾಸ ಹುಡುಕಲು ಸೋಮಾರಿಯಾದವನ ಉಪಾಯ.

ಅದರಲ್ಲೂ ಸ್ಟರ್ನ್‌ಡ್ರೈವ್ ದೋಣಿಯಲ್ಲಿ ಆ ಜಾಗಗಳು ಬಹಳ ಇಲ್ಲ. ಗೊತ್ತಿಲ್ಲದವರಿಗಾಗಿ ಎರಡು ಮಾತು. ಇಂತಹ ದೋಣಿಯಲ್ಲಿ ಎಂಜಿನ್ ಒಳಗೆ, ಹಿಂಗೋಡೆಗೆ ಒತ್ತಿಕೊಂಡು ಕುಳಿತಿರುತ್ತದೆ. ಪ್ರೊಪೆಲ್ಲರ್ ಇರುವ ಕಾಲು ಹೊರಗೆ ಇಳಿಬಿದ್ದಿರುತ್ತದೆ. ವೋಲ್ವೋ ಪೆಂಟಾದವರ ಅಕ್ವಮ್ಯಾಟಿಕ್ 1959ರಲ್ಲಿಯೂ ಮರ್ಕ್ರೂಸರ್ 1961ರಲ್ಲಿಯೂ ಮಾರುಕಟ್ಟೆಗೆ ಬಂದ ಮೇಲೆ ಅಮೆರಿಕದ ಸರೋವರಗಳಲ್ಲೆಲ್ಲ ಇದು ಹರಡಿತು. ಅನುಕೂಲ ಬಹಳ: ಹೊರಗಿನ ಕಾಲನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ದೋಣಿಯನ್ನು ನಡೆಸಬಹುದು, ನೀರು ಆಳವಿಲ್ಲದ ಕಡೆ ಮೇಲಕ್ಕೆ ಎತ್ತಬಹುದು. ಆದರೆ ಇದಕ್ಕಾಗಿ ದೋಣಿಯ ಹಿಂಗೋಡೆಯಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ತಟ್ಟೆಯಗಲದ ಕಿಂಡಿ ಕೊರೆದಿರುತ್ತಾರೆ. ತಿರುಗುವ ದಂಡ ಅದರ ಮೂಲಕವೇ ಹಾಯಬೇಕು. ಆ ಕಿಂಡಿಗೂ ಸರೋವರಕ್ಕೂ ನಡುವೆ ಇರುವ ತಡೆ ಒಂದೇ: ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ತಿದಿ. ಅದರೊಳಗೆ ಯು-ಜಾಯಿಂಟ್ ತಿರುಗುತ್ತಿರುತ್ತದೆ. ಗೇರ್ ಬದಲಿಸುವ ಕೇಬಲ್ಲಿಗೆ ಇನ್ನೊಂದು ಪುಟ್ಟ ತಿದಿ. ಇವುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ಮೃದುತ್ವ ಹೋಗಿದ್ದರೆ ಬದಲಾಯಿಸಬೇಕು. ಮೂವತ್ತು ವರ್ಷದ ದೋಣಿ ಕೊಳ್ಳುವವರಲ್ಲಿ ಎಷ್ಟು ಮಂದಿ ಮೊದಲ ದಿನವೇ ಬಗ್ಗಿ ಈ ತಿದಿಯನ್ನು ನೋಡುತ್ತಾರೆ? ಸೀಟಿನ ಬಟ್ಟೆ ಹರಿದಿದೆಯೇ ಎಂದು ನೋಡುತ್ತಾರೆ. ಹಾಡು ಕೇಳುವ ಪೆಟ್ಟಿಗೆ ಕೆಲಸ ಮಾಡುತ್ತದೆಯೇ ಎಂದು ನೋಡುತ್ತಾರೆ.

ಈಗ ಪಂಪಿನ ವಿಚಾರ. ತರಗತಿಯಲ್ಲಿ ಟಾರಿಸೆಲ್ಲಿಯ ನಿಯಮವನ್ನು ನಿಮಗೆ ಬಾಯಿಪಾಠ ಮಾಡಿಸಿದ್ದೆ. ಪರೀಕ್ಷೆ ಮುಗಿದ ಮೇಲೆ ಅದು ಎಲ್ಲಿ ಹೋಯಿತು? ನೀರಿನ ಮಟ್ಟಕ್ಕಿಂತ 30 ಸೆಂಟಿಮೀಟರ್ ಕೆಳಗೆ 25 ಮಿಲಿಮೀಟರ್ ವ್ಯಾಸದ ಒಂದು ತೂತು ಇದೆ ಎನ್ನಿ. ಒಂದು ಹೋಸ್ ಪೈಪು ಕಳಚಿಕೊಂಡರೆ ಅಷ್ಟು ತೂತು ಆಗಿಯೇ ಆಗುತ್ತದೆ. ನೀರು ಸೆಕೆಂಡಿಗೆ ಸುಮಾರು 2.4 ಮೀಟರ್ ವೇಗದಲ್ಲಿ ನುಗ್ಗುತ್ತದೆ. ಧಾರೆ ಸಂಕುಚಿಸುವುದನ್ನು ಕಳೆದರೂ ನಿಮಿಷಕ್ಕೆ ಸುಮಾರು 43 ಲೀಟರ್, ಗಂಟೆಗೆ ಸುಮಾರು 2,600 ಲೀಟರ್. ಚಿಕ್ಕ ದೋಣಿಗಳಲ್ಲಿ ಸಾಮಾನ್ಯವಾಗಿ ಕಾಣುವ, ಗಂಟೆಗೆ 500 ಗ್ಯಾಲನ್ ಎಂದು ಮೈಮೇಲೆ ಬರೆದುಕೊಂಡ ಪಂಪು ಎತ್ತುವುದು ಸುಮಾರು 1,900 ಲೀಟರ್. ಅದೂ ನೀರನ್ನು ಮೇಲಕ್ಕೆ ಏರಿಸುವ ಶ್ರಮ ಇಲ್ಲದಿದ್ದಾಗ. ಪಂಪು ಆಗಲೇ ಸೋತಿತು.

"ಸರ್, ನನ್ನದು ದೊಡ್ಡ ಪಂಪು, ನನ್ನ ತೂತು ಬರಿಯ ಜಿನುಗು" ಎನ್ನುತ್ತೀಯಾ? ಒಪ್ಪಿದೆ. ತಿದಿ ಹರಿದರೂ ಒಳಗಿನ ಗಿಂಬಲ್ ಬೇರಿಂಗಿನ ಸಂದು ನೀರನ್ನು ತಡೆದು ತಡೆದು ಬಿಡುತ್ತದೆ, ನಿಜ. ಆದರೆ ಪಂಪು ನಡೆಯುವುದು ಬ್ಯಾಟರಿಯಿಂದ. 80 ಆಂಪಿಯರ್-ಗಂಟೆಯ ಬ್ಯಾಟರಿ, 2 ಆಂಪಿಯರ್ ಎಳೆಯುವ ಪಂಪನ್ನು ಬಿಡದೆ ನಡೆಸಿದರೆ 40 ಗಂಟೆಗೆ ಬರಿದಾಗುತ್ತದೆ. ಭಾನುವಾರ ಸಂಜೆ ಕಟ್ಟೆಗೆ ಕಟ್ಟಿ ಬಂದವನ ದೋಣಿಯಲ್ಲಿ ಮಂಗಳವಾರ ಮಧ್ಯಾಹ್ನಕ್ಕೆ ಪಂಪು ನಿಂತಿರುತ್ತದೆ. ಒಡೆಯ ಬರುವುದು ಶನಿವಾರ. ದೋಣಿಗಳು ಓಡುವಾಗ ಮುಳುಗುವುದಕ್ಕಿಂತ ಕಟ್ಟಿಹಾಕಿದ ಜಾಗದಲ್ಲೇ ಮುಳುಗುವುದು ಹೆಚ್ಚು ಎಂದು ಅಲ್ಲಿನ ವಿಮೆಯವರು ಹೇಳುತ್ತಲೇ ಬಂದಿದ್ದಾರೆ. ಇನ್ನೊಂದು ಸಂಗತಿ. ಎಂಜಿನ್ನಿನ ಅಡಿಯಲ್ಲಿ ನಿಂತ ನೀರಿನಲ್ಲಿ ಎಣ್ಣೆಯೂ ಬೆರೆತಿರುತ್ತದೆ. ಪಂಪು ಅದನ್ನು ಚೆಲ್ಲುವುದು ಮಕ್ಕಳು ಈಜುವ ಅದೇ ಸರೋವರಕ್ಕೆ. ನೀರಿನ ಮೇಲೆ ಎಣ್ಣೆಯ ಬಣ್ಣ ಕಾಣುವಂತೆ ಸುರಿಯುವುದು ಆ ದೇಶದ ಕಾನೂನಿಗೂ ವಿರುದ್ಧ.

ಪಂಪಿನ ಭಕ್ತರಿಗಿಂತ ಅಪಾಯಕಾರಿಗಳು ಸೀಲಂಟ್ ಮೆತ್ತುವವರು. ತಮ್ಮನ ಮಗನಿಗೆ ದೋಣಿ ಮಾರಿದ ಮಹಾಶಯ ಹಿಂಗೋಡೆಯ ಒಳಮೈಗೆಲ್ಲ ಬಿಳಿಯ ಸಿಲಿಕೋನನ್ನು ದೋಸೆಗೆ ಚಟ್ನಿ ಬಳಿದಂತೆ ಬಳಿದಿದ್ದ. ಒಳಗಿನಿಂದ ಮೆತ್ತಿದ್ದನ್ನು ಹೊರಗಿನ ನೀರಿನ ಒತ್ತಡ ತಳ್ಳಿ ಎಬ್ಬಿಸುತ್ತದೆ ಎಂಬ ಸರಳ ವಿಷಯ ಹಾಗಿರಲಿ. ಮೆತ್ತಿದ್ದರಿಂದ ನೀರು ನಿಲ್ಲಲಿಲ್ಲ, ನೀರಿನ ಜಾಡು ಮಾತ್ರ ಅಳಿಸಿಹೋಯಿತು. ಅದನ್ನು ಕೆರೆದು ತೆಗೆಯಲು ನಮಗೆ ಪೂರ್ತಿ ಎರಡು ದಿನ ಹಿಡಿಯಿತು. ಸಿಲಿಕೋನಿನ ಜಿಡ್ಡು ಉಳಿದ ಜಾಗದಲ್ಲಿ ಆಮೇಲೆ ಯಾವ ಒಳ್ಳೆಯ ಅಂಟೂ ಹಿಡಿಯುವುದಿಲ್ಲ. ಆತನಿಗೆ ನೀರು ಬರುವುದು ಗೊತ್ತಿತ್ತು, ಮುಚ್ಚಿಟ್ಟು ಮಾರಿದ ಎಂಬುದರಲ್ಲಿ ನನಗೆ ಸಂಶಯವಿಲ್ಲ. ತಮ್ಮನ ಮಗನ ಸ್ನೇಹಿತರು, ನಮ್ಮ ಕನ್ನಡದವರೇ, "ನೀನೂ ಹಾಗೆಯೇ ಇನ್ನೊಬ್ಬರಿಗೆ ದಾಟಿಸಿಬಿಡು" ಎಂದು ಸಲಹೆ ಕೊಟ್ಟರು. ಅಂದು ಊಟದ ಮೇಜಿನಲ್ಲಿ ನಾನು ಸ್ವಲ್ಪ ಏರುದನಿಯಲ್ಲಿ ಮಾತನಾಡಿದೆ. ಅದಕ್ಕಾಗಿ ಈಗಲೂ ಕ್ಷಮೆ ಕೇಳುವುದಿಲ್ಲ. ಆ ಇನ್ನೊಬ್ಬರಿಗೂ ಮಕ್ಕಳಿರುತ್ತಾರೆ.

ಹುಡುಕುವುದು ಹೇಗೆ? ಮೊದಲು ಕೇಳಬೇಕಾದ ಪ್ರಶ್ನೆ ನೀರು ಎಲ್ಲಿಂದ ಎಂದಲ್ಲ, ಯಾವಾಗ ಎಂದು. ಸುಮ್ಮನೆ ನಿಂತಾಗ ಬರುತ್ತದೆಯೋ, ಎಂಜಿನ್ ನಡೆಯುವಾಗ ಮಾತ್ರವೋ, ಮಳೆಯಾದ ಮೇಲೆಯೋ? ಮಳೆಯ ನೀರಾದರೆ ಹೊದಿಕೆ, ಅಂಚುಪಟ್ಟಿ, ಮೇಲಿನ ಸ್ಕ್ರೂಗಳನ್ನು ನೋಡಿದರಾಯಿತು. ಎಂಜಿನ್ ತಣಿಸಲು ಸರೋವರದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಆ ದಾರಿಯ ಹೋಸ್, ಪಂಪು, ಹೊಗೆಯ ಕೊಳವೆಗಳ ಗ್ಯಾಸ್ಕೆಟ್ ಯಾವುದು ಸೋರಿದರೂ ನೀರು ದೋಣಿಯ ತಳಕ್ಕೇ ಬೀಳುತ್ತದೆ. ಮಿನ್ನೆಸೋಟಾದ ಚಳಿಗಾಲದಲ್ಲಿ ಎಂಜಿನ್ನಿನಿಂದ ನೀರು ಬಸಿಯದೆ ಬಿಟ್ಟರೆ ಅದು ಹೆಪ್ಪುಗಟ್ಟಿ ಶೇಕಡಾ 9ರಷ್ಟು ಹಿಗ್ಗಿ ಎರಕದ ಕಬ್ಬಿಣವನ್ನೇ ಸೀಳುತ್ತದೆ. ಇದನ್ನು ನೆಲದ ಮೇಲೆಯೇ ಪರೀಕ್ಷಿಸಬಹುದು. ದೋಣಿ ಟ್ರೇಲರ್ ಮೇಲಿರುವಾಗ, ಕೆಳಗಿನ ಕಾಲಿನ ನೀರು ಹೀರುವ ಕಿಂಡಿಗಳಿಗೆ ಕಿವಿಮುಚ್ಚುಗದಂತಹ ರಬ್ಬರ್ ಬಟ್ಟಲು ಸಿಕ್ಕಿಸಿ, ತೋಟದ ಪೈಪಿನಿಂದ ನೀರು ಕೊಟ್ಟು ಎಂಜಿನ್ ನಡೆಸಬೇಕು. ಒಳಗೆ ನೀರು ಬಂದರೆ ದೋಷ ಎಂಜಿನ್ನಿನದು. ನಮ್ಮದು ಅರ್ಧ ಗಂಟೆ ನಡೆದರೂ ಒಂದು ಹನಿ ಬೀಳಲಿಲ್ಲ. ಎಂಜಿನ್ ನಿರಪರಾಧಿ ಎಂದಾಯಿತು. (ಚಾಲೂ ಮಾಡುವ ಮೊದಲು ನಾಲ್ಕು ನಿಮಿಷ ಗಾಳಿಯ ಫ್ಯಾನ್ ಹಾಕುವುದನ್ನು ಮರೆಯಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ತಳದಲ್ಲೇ ಮಲಗಿರುತ್ತದೆ. ಕಾರಿನ ಅಂಗಡಿಯ ಸ್ಟಾರ್ಟರು, ಆಲ್ಟರ್ನೇಟರು ಅಗ್ಗವೆಂದು ಹಾಕುವವರಿಗೂ ಇದೇ ಎಚ್ಚರಿಕೆ: ಅವುಗಳ ಕಿಡಿ ಹೊರಗೆ ಬರದಂತೆ ತಡೆಯಿರುವುದಿಲ್ಲ.)

ಅನಂತರ ತಳವನ್ನೆಲ್ಲ ಬಟ್ಟೆಯಿಂದ ಒರೆಸಿ ಒಣಗಿಸಿದೆವು. ಮೊಮ್ಮಗಳು ಕಾಲುದಾರಿಯ ಮೇಲೆ ಚಿತ್ರ ಬಿಡಿಸುವ ಬಣ್ಣದ ಸೀಮೆಸುಣ್ಣವನ್ನು ಕೇಳಿ ಪಡೆದು, ನೀಲಿಯದನ್ನು ಪುಡಿಮಾಡಿ ಹಿಂಗೋಡೆಯ ಒಳಮೈಗೂ ತಳಕ್ಕೂ ತೆಳ್ಳಗೆ ಸವರಿದೆ. ಮೂವತ್ತನಾಲ್ಕು ವರ್ಷ ಸೀಮೆಸುಣ್ಣದ ಧೂಳು ಕುಡಿದವನಿಗೆ ಬೇರೇನು ಹೊಳೆದೀತು! ದೋಣಿಯನ್ನು ಟ್ರೇಲರಿನಿಂದ ಬಿಚ್ಚದೆ ಹಾಗೆಯೇ ನೀರಿಗೆ ಇಳಿಸಿ, ಟಾರ್ಚ್ ಹಿಡಿದು ಕುಳಿತೆವು. ಹತ್ತು ನಿಮಿಷಕ್ಕೆ ಮೊದಲ ಗೆರೆ ಕಂಡಿತು. ಎಲ್ಲಕ್ಕಿಂತ ಕೆಳಗೆ, ನೀರು ಬಸಿಯುವ ಬಿರಡೆಯ ಹಿತ್ತಾಳೆಯ ಉಂಗುರದ ಅಂಚಿನಲ್ಲಿ. ಅಲ್ಲಿನ ಕಾನೂನಿನ ಪ್ರಕಾರ ದೋಣಿಯನ್ನು ರಸ್ತೆಯಲ್ಲಿ ಸಾಗಿಸುವಾಗ ಬಿರಡೆ ತೆಗೆದಿರಲೇಬೇಕು. ಒಂದು ಸರೋವರದ ಜೀಬ್ರಾ ಚಿಪ್ಪುಗಳು ಇನ್ನೊಂದಕ್ಕೆ ಹರಡಬಾರದೆಂದು. ಹೀಗೆ ಪ್ರತಿ ಸಲ ತೆಗೆದು ಹಾಕಿ ಉಂಗುರದ ಸ್ಕ್ರೂಗಳು ಸಡಿಲವಾಗಿದ್ದವು. ತಮ್ಮನ ಮಗ "ಸಿಕ್ಕಿತು!" ಎಂದು ಎದ್ದೇಬಿಟ್ಟ. ಕೂತುಕೋ ಎಂದೆ. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ ನಾಲ್ಕು ಲೀಟರಿಗಿಂತ ಸ್ವಲ್ಪ ಹೆಚ್ಚು. ನಮ್ಮ ದೋಣಿ ಕುಡಿಯುತ್ತಿದ್ದುದು ಅದರ ಐದಾರು ಪಟ್ಟು. ಲೆಕ್ಕ ತಾಳೆಯಾಗುವವರೆಗೆ ಉತ್ತರ ಸಿಕ್ಕಿತೆಂದು ಒಪ್ಪಬಾರದು.

ಇಪ್ಪತ್ತೈದನೆಯ ನಿಮಿಷಕ್ಕೆ ಎರಡನೆಯ ಗೆರೆ. ಎಂಜಿನ್ನಿನೊಳಕ್ಕೆ ದಂಡ ಹೋಗುವ ಕಿಂಡಿಯ ಕೆಳತುಟಿಯಿಂದ ನೀಲಿಯ ಪುಡಿಯಲ್ಲಿ ಒಂದು ಕಪ್ಪು ದಾರಿ ನಿಧಾನವಾಗಿ ಇಳಿಯಿತು. ಸಿಲಿಕೋನ್ ಮೆತ್ತಿದ್ದ ಜಾಗಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಮರುದಿನ ಗೇರನ್ನು ಮುಂದಕ್ಕೆ ಹಾಕಿ, ಆರು ನಟ್ಟು ಬಿಚ್ಚಿ, ಇಬ್ಬರು ಹಿಡಿದು ಹೊರಗಿನ ಕಾಲನ್ನು ಕಳಚಿದೆವು. ತಿದಿಯೊಳಗಿಂದ ಒಂದು ಲೋಟ ಕಂದು ನೀರು ಸುರಿಯಿತು. ರಬ್ಬರಿನ ಸೀಳು ಕೆಳಗಿನ ಮಡಿಕೆಯ ಆಳದಲ್ಲಿತ್ತು, ಬೆರಳಿನಿಂದ ಮಡಿಕೆ ಬಿಡಿಸಿದರೆ ಮಾತ್ರ ಕಾಣುವಂತೆ. ವರ್ಷಗಟ್ಟಲೆ ಕಾಲನ್ನು ಮೇಲೆತ್ತಿಯೇ ನಿಲ್ಲಿಸಿದ್ದರ ಫಲ. ರಬ್ಬರು ಬಗ್ಗಿದ ಆಕಾರದಲ್ಲೇ ಗಟ್ಟಿಯಾಗಿತ್ತು. ನೀರು ಕುಡಿದ ಗಿಂಬಲ್ ಬೇರಿಂಗು ಕೈಯಿಂದ ತಿರುಗಿಸಿದರೆ ರಾಗಿ ಬೀಸುವ ಕಲ್ಲಿನಂತೆ ಗರಗರ ಎನ್ನುತ್ತಿತ್ತು. ಯು-ಜಾಯಿಂಟಿಗೂ ತುಕ್ಕು ಹತ್ತಿತ್ತು. ಇನ್ನೊಂದು ಬೇಸಿಗೆ ಕಳೆದಿದ್ದರೆ ನಡುನೀರಿನಲ್ಲಿ ಅದು ಮುರಿದು ತಿದಿಯನ್ನು ಪೂರ್ತಿ ಸೀಳುತ್ತಿತ್ತೋ ಏನೋ. ಪಂಪು ಮಾತ್ರ ಅಷ್ಟು ಕಾಲವೂ ನಿಷ್ಠೆಯಿಂದ ನೀರು ಹೊರಹಾಕುತ್ತ, ಎಲ್ಲ ಸರಿಯಿದೆ ಎಂದು ಒಡೆಯನಿಗೆ ಹೇಳುತ್ತಲೇ ಇತ್ತು.

ಎರಡೂ ತಿದಿ, ಬೇರಿಂಗು, ಯು-ಜಾಯಿಂಟು, ಕ್ಲಾಂಪುಗಳು, ಗ್ಯಾಸ್ಕೆಟ್ ಎಲ್ಲವನ್ನೂ ಹೊಸದಾಗಿ ತರಿಸಿದೆವು. ಲೋಹದ ಅಂಚನ್ನು ಹೊಳೆಯುವವರೆಗೆ ಉಜ್ಜಿದ ಮೇಲೆಯೇ ಅಂಟು ಹಚ್ಚಿದ್ದು. ಕಾಲನ್ನು ಮತ್ತೆ ಕೂರಿಸುವ ಮೊದಲು ಅಳತೆಯ ಉಕ್ಕಿನ ದಂಡವನ್ನು ಬೇರಿಂಗಿನ ಮೂಲಕ ಎಂಜಿನ್ನಿನೊಳಕ್ಕೆ ತೂರಿಸಿ ನೋಡಬೇಕು; ಕೈಯ ಒತ್ತಡಕ್ಕೇ ಸರಾಗವಾಗಿ ಜಾರಿದರೆ ಎಂಜಿನ್ ನೇರವಾಗಿದೆ ಎಂದರ್ಥ. ನಮ್ಮದು ಜಾರಲಿಲ್ಲ. ಮುಂದಿನ ಆಧಾರಗಳನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ಸರಿಮಾಡುವುದರಲ್ಲಿ ಒಂದು ಇಡೀ ಶನಿವಾರ ಕಳೆಯಿತು. ಬಿರಡೆಯ ಉಂಗುರವನ್ನೂ ಕಿತ್ತು, ಸ್ಕ್ರೂ ತೂತುಗಳ ಸುತ್ತಲಿನ ಮರ ಮೆತ್ತಗಾಗಿದೆಯೇ ಎಂದು ಚುಚ್ಚಿ ನೋಡಿ, ಹೊರಗಿನಿಂದ ಹೊಸ ಸೀಲಂಟ್ ಹಾಕಿ ಕೂರಿಸಿದೆವು. ಹೌದು, ಸೀಲಂಟಿಗೂ ಅದರದೇ ಆದ ಜಾಗವಿದೆ. ತೂತು ಗೊತ್ತಾದ ಮೇಲೆ, ಹೊರಮೈಯಲ್ಲಿ.

ಮತ್ತೆ ನೀಲಿ ಪುಡಿ, ಮತ್ತೆ ಕಟ್ಟೆಯ ಬಳಿ ಟ್ರೇಲರ್ ಮೇಲೆಯೇ ಒಂದು ಗಂಟೆ. ಪುಡಿ ಹಾಗೆಯೇ ಇತ್ತು. ಆ ಮೇಲೆಯೇ ಮೊಮ್ಮಗಳು ದೋಣಿ ಹತ್ತಿದ್ದು. ಪಂಪನ್ನು ತೆಗೆದಿಲ್ಲ; ಅದು ಎಷ್ಟು ಸಲ ಓಡಿತು ಎಂದು ಎಣಿಸುವ ಪುಟ್ಟ ಯಂತ್ರವೊಂದನ್ನು ತಮ್ಮನ ಮಗ ಅದಕ್ಕೆ ಜೋಡಿಸಿದ್ದಾನೆ.

ನೀನು ಈ ಶನಿವಾರ ದೊಡ್ಡ ಪಂಪಿನ ತಂತಿ ಕಳಚಿಟ್ಟು, ತಳ ಒಣಗಿಸಿ, ಮಕ್ಕಳ ಹತ್ತಿರ ಒಂದು ಸೀಮೆಸುಣ್ಣ ಕೇಳಿ ತೆಗೆದುಕೋ. ದೋಣಿಯನ್ನು ಟ್ರೇಲರಿನಿಂದ ಬಿಚ್ಚಬೇಡ. ಒದ್ದೆಯಾದ ಮೊದಲ ಜಾಗದ ಚಿತ್ರವನ್ನೂ ಎರಡನೆಯ ಜಾಗದ ಚಿತ್ರವನ್ನೂ ನನಗೆ ಕಳುಹಿಸು. ಇಲ್ಲಿ ಆಗ ನಡುರಾತ್ರಿಯಾದರೂ ಎದ್ದು ನೋಡುತ್ತೇನೆ.