ಮರ ಊರಿನದು, ಭಾರ ಯಾರದು?

ಊರಿನ ಹಳೆಯ ಮರವೊಂದನ್ನು ಕಡಿಯಬೇಕೇ ಬೇಡವೇ ಎಂಬ ತಕರಾರು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ರಸ್ತೆ ವಿಸ್ತರಣೆ, ಶಾಲೆಯ ಕೊಠಡಿ, ವಿದ್ಯುತ್ ತಂತಿ, ಸಮುದಾಯ ಭವನ ಹೀಗೆ ಕಾರಣ ಯಾವುದಾದರೂ ಇರಬಹುದು. ಇಂತಹ ಪ್ರಕರಣಗಳನ್ನು ಪರಿಸರ ಹಾಗೂ ಅಭಿವೃದ್ಧಿಯ ನಡುವಿನ ಸಂಘರ್ಷವೆಂದು ಬಣ್ಣಿಸುವುದು ವಾಡಿಕೆ. ಆದರೆ ಮೂರು ದಶಕಗಳ ಆಡಳಿತಾನುಭವ ನನಗೆ ಕಲಿಸಿದ್ದು ಬೇರೆ. ಮರದ ಫಲ ಯಾರಿಗೆ, ಅದರ ಭಾರ ಯಾರ ಮೇಲೆ ಎಂಬುದೇ ಬಹುತೇಕ ಜಗಳಗಳ ಮೂಲ.

1990ರ ದಶಕದ ಮಧ್ಯಭಾಗದಲ್ಲಿ ನಾನು ಬಯಲುಸೀಮೆಯ ಒಂದು ಉಪವಿಭಾಗದಲ್ಲಿ ಅಧಿಕಾರಿಯಾಗಿದ್ದೆ. ಅಲ್ಲಿನ ಹಳ್ಳಿಯೊಂದರ ಸರ್ಕಾರಿ ಜಾಗದಲ್ಲಿ ಬೃಹತ್ ಹುಣಸೆಮರವಿತ್ತು. ಬಸ್ಸಿಗೆ ಕಾಯುವವರಿಗೆ ಅದೇ ನೆರಳು, ಊರಿನ ಪಂಚಾಯಿತಿಗಳೂ ಅದರ ಬುಡದಲ್ಲೇ. ಫಸಲು ವರ್ಷವರ್ಷವೂ ಹರಾಜಾಗಿ ಗ್ರಾಮ ಪಂಚಾಯಿತಿಗೆ ಒಂದಿಷ್ಟು ಆದಾಯವೂ ಬರುತ್ತಿತ್ತು. ಮರದ ದೊಡ್ಡ ಕೊಂಬೆ ಚಾಚಿಕೊಂಡಿದ್ದುದು ಮಾತ್ರ ಕೂಲಿ ಮಾಡಿ ಬದುಕುತ್ತಿದ್ದ ವಿಧವೆಯೊಬ್ಬರ ನಾಡಹಂಚಿನ ಮನೆಯ ಮೇಲೆ. ಮರ ಕಡಿಸಿಕೊಡಬೇಕೆಂದು ಆಕೆ ಅರ್ಜಿ ಕೊಟ್ಟರು. ಇಡೀ ಊರು ವಿರೋಧಿಸಿತು. ಅಭಿಪ್ರಾಯಕ್ಕಾಗಿ ಕಡತ ನನ್ನ ಬಳಿಗೆ ಬಂದಾಗ ಸ್ಥಳ ಪರಿಶೀಲಿಸಿ, ಮಹಜರು ನಡೆಸಿ, ಮರ ಉಳಿಯತಕ್ಕದ್ದೆಂದು ಬರೆದೆ. ಆ ಕೊಂಬೆಯನ್ನಾದರೂ ಸವರಿಸಬೇಕೆಂಬ ಒಂದು ಸಾಲು ನನ್ನ ಟಿಪ್ಪಣಿಯಲ್ಲಿರಲಿಲ್ಲ.

ಎರಡು ವರ್ಷಗಳ ನಂತರ ಬೇಸಿಗೆಯ ಗಾಳಿಮಳೆಗೆ ಕೊಂಬೆ ಮುರಿದು ಆ ಮನೆಯ ಮಾಡು ಕುಸಿಯಿತು. ಕೊಟ್ಟಿಗೆಯಲ್ಲಿದ್ದ ಹಸು ಸತ್ತಿತು. ದೊರೆತ ಪರಿಹಾರ ಹೊಸ ಹಂಚು ಹೊದಿಸುವುದಕ್ಕೂ ಸಾಲಲಿಲ್ಲ. ಹುಣಸೆಯ ಹರಾಜು ಮಾತ್ರ ಆ ವರ್ಷವೂ ನಡೆಯಿತು.

ಮರವನ್ನು ಉಳಿಸಿದ್ದು ತಪ್ಪೆಂದು ನಾನು ಇಂದಿಗೂ ಭಾವಿಸುವುದಿಲ್ಲ. ಉಳಿಸಿಕೊಳ್ಳುವ ವೆಚ್ಚವನ್ನು ಊರಿನ ಅತ್ಯಂತ ಬಡ ಮನೆಯ ಮೇಲೆ ಹೊರಿಸಿದ್ದು ತಪ್ಪು. ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ಸರಳ ಸಂಗತಿ. ಮರದ ಪ್ರಯೋಜನ ನೂರಾರು ಜನರಿಗೆ ಸ್ವಲ್ಪಸ್ವಲ್ಪವಾಗಿ ಹಂಚಿಹೋಗುತ್ತದೆ. ಅಪಾಯ ಒಂದೆರಡು ಮನೆಗಳ ಮೇಲೆ ಕೇಂದ್ರೀಕೃತವಾಗುತ್ತದೆ. ಮರ ಕಡಿದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಲಾಭ ಗುತ್ತಿಗೆದಾರನಂತಹ ಕೆಲವರಿಗೆ, ನಷ್ಟ ಊರಿಗೆಲ್ಲ. ಎರಡೂ ಸಂದರ್ಭಗಳಲ್ಲಿ ಭಾರ ಹೊರುವವರ ದನಿ ಕಡತದಲ್ಲಿ ಕ್ಷೀಣವಾಗಿಯೇ ಇರುತ್ತದೆ.

ನಮ್ಮ ಕಾನೂನು ಈ ಪ್ರಶ್ನೆಯನ್ನು ಎದುರಿಸುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಮರ ಒಣಗಿದ್ದರೆ, ರೋಗಗ್ರಸ್ತವಾಗಿದ್ದರೆ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯಕಾರಿಯಾಗಿದ್ದರೆ ಅನುಮತಿ ನಿರಾಕರಿಸುವಂತಿಲ್ಲ. ಕಡಿಯಬೇಕಾದ ಮರಗಳು 50ಕ್ಕಿಂತ ಹೆಚ್ಚಿದ್ದರೆ ಸಾರ್ವಜನಿಕರ ಆಕ್ಷೇಪಣೆ ಆಹ್ವಾನಿಸಬೇಕೆಂಬ ಅಂಶವನ್ನೂ ಮುಂದೆ ಸೇರಿಸಲಾಯಿತು. ಆದರೆ ಒಂದು ಹಳ್ಳಿಗೆ ಒಂದೇ ಮರ ಐವತ್ತಕ್ಕಿಂತ ಮಿಗಿಲಾಗಿರಬಹುದು ಎಂಬುದಕ್ಕೆ ಈ ಲೆಕ್ಕದಲ್ಲಿ ಸ್ಥಳವಿಲ್ಲ.

ಮರಕ್ಕೆ ಬೆಲೆ ಕಟ್ಟುವ ಪ್ರಯತ್ನವೂ ನಡೆದಿದೆ. ಪಶ್ಚಿಮ ಬಂಗಾಳದಲ್ಲಿ ರೈಲ್ವೆ ಮೇಲ್ಸೇತುವೆಗಳಿಗಾಗಿ 356 ಮರಗಳನ್ನು ಕಡಿಯುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ನೇಮಿಸಿದ ತಜ್ಞರ ಸಮಿತಿಯು, ಮರದ ವಯಸ್ಸಿನ ಒಂದೊಂದು ವರ್ಷಕ್ಕೂ 74,500 ರೂಪಾಯಿ ಮೌಲ್ಯ ಸೂಚಿಸಿತು. ಅದರಲ್ಲಿ 45,000 ರೂಪಾಯಿ ಆಮ್ಲಜನಕದ ಬಾಬ್ತು. ಗಾಳಿಯಲ್ಲಿ ಧಾರಾಳವಾಗಿ ದೊರೆಯುವ ವಸ್ತುವಿಗೆ ಇಷ್ಟು ಬೆಲೆ ಕಟ್ಟುವುದು ಅರ್ಥಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಅದು ಹಾಗಿರಲಿ, ಈ ಲೆಕ್ಕದಲ್ಲಿ ಮರದ ಮೌಲ್ಯವಿದೆಯೇ ಹೊರತು ಅದನ್ನು ಯಾರು ಯಾರಿಗೆ ತೆರಬೇಕೆಂಬುದಿಲ್ಲ. ಕೊನೆಗೆ 2023ರಲ್ಲಿ ನ್ಯಾಯಾಲಯ ಆ ಮರಗಳನ್ನು ಕಡಿಯಲು ಅವಕಾಶ ನೀಡಿತು.

ಊರಿನ ದನಿಗೆ ಬೆಲೆ ಸಿಕ್ಕ ನಿದರ್ಶನವೂ ನಮ್ಮಲ್ಲಿದೆ. ಹುಲಿಕಲ್–ಕುದೂರು ಮಾರ್ಗದ ಆಲದ ಮರಗಳಿಗೆ 2019ರಲ್ಲಿ ರಸ್ತೆ ವಿಸ್ತರಣೆಯ ಆತಂಕ ಎದುರಾದಾಗ, ಅವನ್ನು ನೆಟ್ಟು ಬೆಳೆಸಿದ ಸಾಲುಮರದ ತಿಮ್ಮಕ್ಕ ಅವರೇ ಮುಖ್ಯಮಂತ್ರಿಗಳ ಬಳಿಗೆ ಹೋಗಬೇಕಾಯಿತು. ಮರಗಳಿಗೆ ಧಕ್ಕೆಯಾಗದೆಂಬ ಭರವಸೆ ದೊರೆಯಿತು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಪ್ರತಿಯೊಂದು ಮರದ ಪರವಾಗಿಯೂ ಒಬ್ಬ ತಿಮ್ಮಕ್ಕ ಬರಲೆಂದು ಕಾಯುವುದು ಆಡಳಿತದ ಲಕ್ಷಣವಲ್ಲ.

ಪರಿಹಾರಕ್ಕೆ ಹೊಸ ಕಾನೂನೇ ಬೇಕೆಂದಿಲ್ಲ. 2002ರ ಜೀವವೈವಿಧ್ಯ ಅಧಿನಿಯಮದಡಿ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದದ್ದು ಇದೇ ಕಾನೂನಿನ ಬಲದಿಂದ. ಊರಿನ ಹಳೆಯ ಮರಗಳನ್ನು ಈ ಸಮಿತಿಯ ದಾಖಲೆಗೆ ಸೇರಿಸಿ, ಅವುಗಳ ಆರೋಗ್ಯವನ್ನು ಮಳೆಗಾಲಕ್ಕೆ ಮುನ್ನ ಪರೀಕ್ಷಿಸುವುದು ಕಷ್ಟವಲ್ಲ. ಕಡಿಯುವ ಪ್ರಸ್ತಾವ ಬಂದಾಗ ಮೊದಲು ಗ್ರಾಮಸಭೆಯ ಮುಂದಿಡಬೇಕು. ಕೊಂಬೆ ಸವರುವುದರಿಂದ ಅಪಾಯ ತಪ್ಪುವುದೇ ಎಂದು ನೋಡಬೇಕು. ಮರ ಉಳಿಯಲೆಂದು ಸಭೆ ನಿರ್ಧರಿಸಿದರೆ, ಫಸಲಿನ ಆದಾಯದ ಒಂದು ಪಾಲನ್ನು ಅದರಿಂದ ಹಾನಿಗೊಳಗಾಗಬಹುದಾದವರಿಗಾಗಿ ಮೀಸಲಿಡಬೇಕು.

ಆ ಹುಣಸೆಮರ ಇನ್ನೂ ಇದೆಯೆಂದು ಕೇಳಿದ್ದೇನೆ. ಆ ಮನೆಯಲ್ಲಿ ಈಗ ಯಾರೂ ಇಲ್ಲವಂತೆ. ಮರವನ್ನು ಉಳಿಸಿದ ಶ್ರೇಯಸ್ಸು ನನಗೆ ಸಲ್ಲುವುದಾದರೆ, ಆ ಹೊಣೆಯೂ ನನಗೇ ಸಲ್ಲಬೇಕು.