ಅಪಾಯದ ಫಲಕ ಯಾರ ನುಡಿಯಲ್ಲಿರಬೇಕು?

ಕಾರ್ಖಾನೆಯಲ್ಲಿ ಯಾರದಾದರೂ ಕೈ ಯಂತ್ರಕ್ಕೆ ಸಿಕ್ಕಿತೆಂಬ ಸುದ್ದಿ ಬಂದಾಗ ನಾವು ಆಡುವ ಮಾತು ಎರಡು: 'ಅವನು ಎಚ್ಚರ ತಪ್ಪಿದ' ಎಂಬುದೊಂದು, 'ಹಣೆಬರಹ' ಎಂಬುದಿನ್ನೊಂದು. ಅವನ ರಕ್ಷಣೆಗೆ ಕಾರ್ಖಾನೆ ನಡೆಸುವವರು ಮೊದಲೇ ಏನು ಏರ್ಪಾಡು ಮಾಡಿದ್ದರೆಂದು ಕೇಳುವವರು ವಿರಳ.

ಭೋಪಾಲದ ದುರಂತವನ್ನು ನೆನೆಯೋಣ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ತೊಟ್ಟಿಯೊಂದಕ್ಕೆ ನೀರು ಸೇರಿ, ಮೀಥೈಲ್ ಐಸೋಸಯನೇಟ್ ಎಂಬ ವಿಷಾನಿಲ ಹೊರಹೊಮ್ಮಿತು. ಸಹಸ್ರಾರು ಜನ ಮಡಿದರು. ರಕ್ಷಣೆಯ ಉಪಕರಣಗಳು ಅಲ್ಲಿ ಇದ್ದೇ ಇದ್ದವು. ಆದರೆ ತೊಟ್ಟಿಯನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆಯನ್ನು ದುರಸ್ತಿಗೆಂದು ಕಳಚಲಾಗಿತ್ತು. ಆ ಘಟಕದ ಒಂದು ಪಾಳಿಯ ಕೆಲಸಗಾರರನ್ನು 12ರಿಂದ 6ಕ್ಕೆ ಇಳಿಸಲಾಗಿತ್ತು. ಅನೇಕರಿಗೆ ಹಿಂದಿ ಮಾತ್ರ ತಿಳಿದಿದ್ದರೂ ಸುರಕ್ಷತೆಯ ಸೂಚನೆಗಳು ಇಂಗ್ಲಿಷಿನಲ್ಲಿದ್ದವು. ಇವೆಲ್ಲ ಆಡಳಿತದವರು ಕೈಗೊಂಡ ನಿರ್ಧಾರಗಳು; ಇವುಗಳ ಫಲವನ್ನು ಉಂಡವರು ರಾತ್ರಿ ಪಾಳಿಯವರು ಮತ್ತು ನೆರೆಯ ಬಡಾವಣೆಗಳಲ್ಲಿ ಮಲಗಿದ್ದ ಸಂಸಾರಗಳು.

ಈ ಕೊನೆಯ ಸಂಗತಿ, ಎಂದರೆ ನುಡಿಯ ಸಂಗತಿ, ಗಡಿನಾಡಿನವರಾದ ನಮಗೆ ವಿಶೇಷವಾಗಿ ತಟ್ಟತಕ್ಕದ್ದು. 1948ರ ಫ್ಯಾಕ್ಟರಿ ಕಾಯಿದೆಯ 108ನೆಯ ಕಲಮು, ಪ್ರಕಟಣೆಗಳು ಇಂಗ್ಲಿಷಿನಲ್ಲಿಯೂ ಬಹುಸಂಖ್ಯಾತ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು ವಿಧಿಸಿತ್ತು. ಬಹುಸಂಖ್ಯಾತರಲ್ಲದವರ ಪಾಡೇನು? ಕನ್ನಡ ಶಾಲೆಯಲ್ಲಿ ಓದಿ ಹೊಸೂರಿನ ಕಾರ್ಖಾನೆಗೆ ಸೇರಿದ ಹುಡುಗನಿಗೆ ತಮಿಳು ಆಡಲು ಬಂದೀತು, ಓದಲು ಬಾರದೆ ಇರಬಹುದು. ಸೊಲ್ಲಾಪುರದ ಮಗ್ಗದ ಶೆಡ್ಡಿನಲ್ಲಿ ಮರಾಠಿ ಫಲಕದ ಮುಂದೆ ನಿಂತ ನಮ್ಮವನ ಗತಿಯೂ ಅದೇ. ಕಲಿಸದ ಲಿಪಿಯನ್ನು ಓದಲಿಲ್ಲವೆಂದು ಯಾವ ಉಪಾಧ್ಯಾಯನೂ ಮಗುವನ್ನು ದಂಡಿಸನು. ಕೆಲಸಗಾರನಿಗೆ ಬೇರೆ ನ್ಯಾಯವೇಕೆ?

ಒಳ್ಳೆಯ ಆಡಳಿತವು ಹೊಸಬನನ್ನು ಯಂತ್ರದ ಮುಂದೆ ನಿಲ್ಲಿಸುವ ಮೊದಲೇ ಅವನ ನುಡಿಯಲ್ಲಿ ಅಪಾಯವನ್ನು ವಿವರಿಸುತ್ತದೆ. ಕೇಳಿದ್ದನ್ನು ಅವನಿಂದಲೇ ಮರಳಿ ಹೇಳಿಸುತ್ತದೆ. ಫಲಕದಲ್ಲಿ ಅಕ್ಷರದೊಡನೆ ಚಿತ್ರವನ್ನೂ ಬರೆಸುತ್ತದೆ. ತಿರುಗುವ ಪಟ್ಟಿಗೂ ಹಲ್ಲುಗಾಲಿಗೂ ಕವಚ ಹಾಕಿಸುತ್ತದೆ; ಅವಸರದ ದಿನವೂ ಅದನ್ನು ತೆಗೆಯಗೊಡದು. ಕೂದಲೆಳೆಯಲ್ಲಿ ತಪ್ಪಿದ ಅವಘಡವನ್ನೂ ಬರೆದಿಟ್ಟು ಕಾರಣ ಹುಡುಕುತ್ತದೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಅದರ ರೀತಿಯಲ್ಲ.

ನಾಲ್ಕು ಮಗ್ಗಗಳ ಯಜಮಾನನೂ ಹಿಟ್ಟಿನ ಗಿರಣಿಯ ಒಡೆಯನೂ ಆಡಳಿತಗಾರರೇ ಎಂಬುದನ್ನು ನಮ್ಮವರು ಮರೆಯಲಾಗದು. ಬಿಹಾರದಿಂದಲೋ ಒಡಿಶಾದಿಂದಲೋ ಬಂದವನು ನಮ್ಮ ಕೈಕೆಳಗಿದ್ದರೆ, ಅವನಿಗೆ ಅರ್ಥವಾಗುವಂತೆ ಹೇಳುವ ಹೊಣೆ ನಮ್ಮದು.

1966ರ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾಯಿತು. ಅದರ ನೆನಪಿಗೆ ಆ ದಿನವನ್ನು ಸುರಕ್ಷತಾ ದಿನವಾಗಿ ಆಚರಿಸುತ್ತಾರೆ. ಪ್ರತಿಜ್ಞೆ, ಭಾಷಣಗಳು ನಡೆಯಲಿ. ಜೊತೆಗೆ, ಹಬ್ಬಕ್ಕೆ ಮನೆಗೆ ಬಂದ ಮಗನನ್ನೋ ಅಳಿಯನನ್ನೋ ಸಂಬಳವೆಷ್ಟೆಂದು ಕೇಳುವಾಗಲೇ ಇನ್ನೊಂದು ಮಾತನ್ನೂ ಕೇಳಿರಿ: 'ಅಲ್ಲಿಯ ಅಪಾಯವನ್ನು ನಿನಗೆ ತಿಳಿಯುವ ಮಾತಿನಲ್ಲಿ ಯಾರಾದರೂ ಹೇಳಿಕೊಟ್ಟಿದ್ದಾರೆಯೇ?' ಇಲ್ಲವೆಂದರೆ, ಹಾಗೆ ಹೇಳಿಸಿಕೊಳ್ಳುವುದು ತನ್ನ ಹಕ್ಕೆಂದು ತಿಳಿದು ಅವನು ಕೆಲಸಕ್ಕೆ ಮರಳಲಿ.